ಅಕ್ಷತೆಗೆ ಇನ್ನು ಹನ್ನೆರಡು ನಿಮಿಷ

"ಅಕ್ಕಿಕಾಳು ಹಾಕಿಸುತ್ತೀಯೋ, ರಾಕೆಟ್ ಹಾರಿಸುತ್ತೀಯೋ?" ಮದುವೆಯ ಲೈವ್‌ನಲ್ಲಿ ಅಕ್ಷತೆಗೆ ಎಷ್ಟು ಹೊತ್ತು ಉಳಿದಿದೆ ಎಂದು ತೋರಿಸುವ ಟೈಮರ್ ಓಡಿಸುತ್ತೇನೆ ಎಂದಾಗ ಗದಗ ರಸ್ತೆಯ ಚಹಾದ ಅಂಗಡಿಯಲ್ಲಿ ಹೀಗೆಂದು ನಕ್ಕವರು ಬೇರೆ ಯಾರೂ ಅಲ್ಲ, ಕೊಪ್ಪಳದ ನಮ್ಮ ಸ್ಟುಡಿಯೋದವರೇ. ಈ ಹಂಗಾಮಿನಲ್ಲಿ ಅವರಲ್ಲಿ ಮೂವರು ಪೆನ್‌ಡ್ರೈವ್ ಹಿಡಿದುಕೊಂಡು, ಅದೇ ಟೈಮರ್ ಕೇಳಿಕೊಂಡು ನನ್ನಲ್ಲಿಗೆ ಬಂದರು. ಅದಕ್ಕೇ ಬರೆಯುತ್ತಿದ್ದೇನೆ. ಲೈವ್ ಪ್ರಸಾರದ ಸಾಫ್ಟ್‌ವೇರ್ ಓಬಿಎಸ್ ನಡೆಸಲು ಬಲ್ಲವರಿಗಷ್ಟೇ ಇದು. ಸೀನ್ ಎಂದರೇನು, ಕ್ಯಾಪ್ಚರ್ ಕಾರ್ಡ್ ಎಲ್ಲಿ ಸಿಕ್ಕಿಸಬೇಕು ಎಂಬುದರಿಂದ ಶುರು ಮಾಡುವಷ್ಟು ಪುರುಸೊತ್ತು ನನಗಿಲ್ಲ.

ಟೈಮರ್ ಬೇಕಾದದ್ದು ಅಲಂಕಾರಕ್ಕಲ್ಲ. ಲಗ್ನಪತ್ರಿಕೆಯಲ್ಲಿ 12-30ಕ್ಕೆ ಅಭಿಜಿನ್ ಮುಹೂರ್ತ ಎಂದಿರುತ್ತದೆ. ಪುಣೆಯ ಮಾವ, ದುಬೈಯ ಅಳಿಯ ಹನ್ನೊಂದೂಮುಕ್ಕಾಲಿಗೇ ಲಿಂಕ್ ತೆರೆದು ನೋಡುತ್ತಾರೆ. ಖಾಲಿ ವೇದಿಕೆ, ಎರಡು ಕುರ್ಚಿ, ಹೂವು ಸಿಕ್ಕಿಸುತ್ತಿರುವ ಹುಡುಗ. ಮುಚ್ಚಿಬಿಡುತ್ತಾರೆ. ಆಮೇಲೆ ಮಂಗಲಾಷ್ಟಕದ ನಟ್ಟನಡುವೆ ನನ್ನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ: "ತಮ್ಮಾ, ಮುಗಿಯಿತೇನು?"

ಮೊದಲು ದುಡ್ಡು ಕೊಟ್ಟೇ ಕೆಟ್ಟೆ. ಹತ್ತು ನಿಮಿಷದ ಟೈಮರ್ ವಿಡಿಯೋಗಳ ಒಂದು ಕಟ್ಟನ್ನು ಹತ್ತಿರಹತ್ತಿರ 1,800 ರೂಪಾಯಿಗೆ ಕೊಂಡೆ. ಯಲಬುರ್ಗಾದ ಮದುವೆಯಲ್ಲಿ ಅದನ್ನು ಓಡಿಸಿ, ನಡುವೆ ವಧುವಿನ ಕೋಣೆಯ ಕ್ಯಾಮೆರಾಕ್ಕೆ ಹೋಗಿ ಮರಳಿದರೆ ಮತ್ತೆ ಹತ್ತರಿಂದ ಶುರು. ಮೂರು ಸಲ ಹಾಗಾಯಿತು. "ನಿಮ್ಮ ಕಡೆ ಹತ್ತು ನಿಮಿಷಕ್ಕೆ ಎಷ್ಟು ನಿಮಿಷ?" ಎಂದು ಯಾರೋ ಕಾಮೆಂಟ್ ಹಾಕಿದರು. ಸೀನ್ ಬದಲಾದಾಗ ಮೊದಲಿನಿಂದ ಓಡದಂತೆ ಒಂದು ಟಿಕ್ ತೆಗೆದರೆ ಸಾಕೆಂದು ಆಮೇಲೆ ಗೊತ್ತಾಯಿತು. ಗೊತ್ತಾಗಿ ಏನು ಬಂತು? ವಿಡಿಯೋ ಹತ್ತೇ ನಿಮಿಷದ್ದು. ಬೀಗರ ಬಸ್ಸು ಬನ್ನಿಕೊಪ್ಪದ ಹತ್ತಿರ ಪಂಕ್ಚರ್ ಆಗಿ ನಿಂತಿದೆ ಎಂದು ಅದಕ್ಕೆ ಹೇಳುವವರು ಯಾರು?

ಎರಡನೆಯದು ಓಬಿಎಸ್ ಜೊತೆಗೇ ಬರುವ ಕೌಂಟ್‌ಡೌನ್ ಸ್ಕ್ರಿಪ್ಟ್. ಪುಕ್ಕಟೆ, ಓಡುವುದೂ ಸರಿಯಾಗಿಯೇ. ಆದರೆ ನಾನು ಖರ್ಚು ಉಳಿಸಲೆಂದು ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್‌ನಂಥದ್ದೇ ಆದ ಪುಕ್ಕಟೆಯ ಉಬುಂಟು ಹಾಕಿಕೊಂಡಿದ್ದೆ. ಅದರಲ್ಲಿ ಓಬಿಎಸ್ ಅಕ್ಷರ ಮೂಡಿಸಲು ಬಳಸುವ ಫ್ರೀಟೈಪ್ ಪಠ್ಯಕ್ಕೆ ಕನ್ನಡದ ಒತ್ತಕ್ಷರ ಎಂದರೆ ಆಗದು. 'ಅಕ್ಷತೆ' ಎಂದು ಬರೆದರೆ ಒತ್ತು ಕಳಚಿ ಬದಿಗೆ ಬಿದ್ದು 'ಅಕ್‌ಷತೆ' ಆಗುತ್ತಿತ್ತು. ಪತ್ರಿಕೆಯಲ್ಲಿ ಒಂದು ದೀರ್ಘ ತಪ್ಪಿದರೇ ಜಗಳ ತೆಗೆಯುವ ಜನ ನಮ್ಮವರು. ಪರದೆಯ ಮೇಲೆ ಹೀಗೆ ಕಂಡರೆ ಬಿಡುತ್ತಾರೆಯೇ?

ಕೊನೆಗೆ ಓಬಿಎಸ್ ಒಳಗೇ ವೆಬ್ ಪುಟ ತೋರಿಸುವ ಬ್ರೌಸರ್ ಸೋರ್ಸ್‌ಗೆ ಬಂದೆ. ಅಲ್ಲಿ ಒತ್ತಕ್ಷರ ಮುತ್ತಿನಂತೆ ಕೂರುತ್ತದೆ. ಸುಮಾರು ನಲವತ್ತು ಸಾಲಿನ ಪುಟವನ್ನು ನಾನೇ ಬರೆದೆ. ಪಿಯುಸಿಯ ನಂತರ ಓದು ಬಿಟ್ಟವನು ಎಂಬುದನ್ನು ಓದುಗರು ಗಮನದಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ. ಮೊದಲ ಪುಟದಲ್ಲಿ ಸೆಕೆಂಡಿಗೆ ಒಂದರಂತೆ ಕಳೆಯುತ್ತ ಹೋಗುವ ಲೆಕ್ಕವಿತ್ತು. ಲ್ಯಾಪ್‌ಟಾಪ್ ಕಾದು ಏದುಸಿರು ಬಿಡತೊಡಗಿದಂತೆ ಲೆಕ್ಕವೂ ಕುಂಟಿತು. ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ಸೆಕೆಂಡಿನಷ್ಟು ಹಿಂದೆ. ಆಗ ಹೊಳೆದದ್ದೇ ಇಡೀ ಕೆಲಸದ ತಿರುಳು: ಎಷ್ಟು ನಿಮಿಷ ಎಂದು ಹೇಳಬಾರದು, ಎಷ್ಟು ಗಂಟೆಗೆ ಎಂದು ಹೇಳಬೇಕು. 12-30 ಎಂದು ಬರೆದಿಟ್ಟರೆ ಪುಟವು ಪ್ರತಿಸಲವೂ ಗಡಿಯಾರ ನೋಡಿ ಉಳಿದದ್ದನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ ನಾಲ್ಕೈದು ಸಲ ನೋಡಿಸಬೇಕು. ಒಂದೇ ಸಲ ನೋಡಿದರೆ ಆಗೊಮ್ಮೆ ಈಗೊಮ್ಮೆ ಒಂದು ಅಂಕಿ ಹಾರಿಹೋಗುತ್ತದೆ. ಸೀನ್ ಬದಲಿಸಿ, ಪುಟ ರಿಫ್ರೆಶ್ ಆಗಲಿ, ಓಬಿಎಸ್ಸೇ ಬಿದ್ದು ಏಳಲಿ, ಅಂಕಿ ತಪ್ಪುವುದಿಲ್ಲ.

ತಪ್ಪಿತು. ಕಿನ್ನಾಳದ ಮದುವೆಯಲ್ಲಿ ವಧುವಿನ ಅಣ್ಣ ಕೈಗಡಿಯಾರ ತೋರಿಸಿ ನಾಲ್ಕು ನಿಮಿಷದ ವ್ಯತ್ಯಾಸ ಹಿಡಿದ. ಲ್ಯಾಪ್‌ಟಾಪ್‌ನ ಒಳಗಿನ ಗುಂಡಿ ಸೆಲ್ ಸತ್ತು, ಗಡಿಯಾರವೇ ಹಿಂದೆ ಬಿದ್ದಿತ್ತು. ನಲವತ್ತು ರೂಪಾಯಿಯ ಸೆಲ್ಲು, ಸಾವಿರ ರೂಪಾಯಿಯ ಮರ್ಯಾದೆ. ಈಗ ಡಾಂಗಲ್ ಹಚ್ಚಿದ ಕೂಡಲೇ ಮೊದಲು ಇಂಟರ್ನೆಟ್‌ನಿಂದ ಸಮಯ ಸರಿಪಡಿಸಿಕೊಂಡೇ ಉಳಿದ ಕೆಲಸ.

ಆಮೇಲೆ ಅತಿ ಜಾಣತನ ಮಾಡಿದೆ. ಯೂಟ್ಯೂಬ್‌ನಲ್ಲಿ ನಮ್ಮ ಚಿತ್ರ ನೋಡುವವರಿಗೆ ತಲುಪುವುದು ತಡವಾಗಿ ತಾನೇ? ಮೊಬೈಲ್ ಪಕ್ಕದಲ್ಲಿಟ್ಟು ಅಳೆದೆ, 25 ಸೆಕೆಂಡ್ ಆಸುಪಾಸು. ಅಷ್ಟನ್ನು ಟೈಮರ್‌ನಲ್ಲಿ ಕಳೆದುಬಿಟ್ಟೆ. ಪರಿಣಾಮ: ಪರದೆಯಲ್ಲಿ ಸೊನ್ನೆ ಬಂದಾಗ ಅಂತರಪಟ ಇನ್ನೂ ಹಿಡಿದೇ ಇತ್ತು. ಪುಣೆಯ ಮಾವ ಟಿವಿಯ ಮೇಲೆ ಅಕ್ಕಿ ಎಸೆದು, ಪಾಪ, ಮತ್ತೆ ಆರಿಸಿಕೊಂಡರಂತೆ. ಅಂಕಿಯೂ ಚಿತ್ರವೂ ಒಂದೇ ಬಸ್ಸಿನಲ್ಲಿ ಹೋಗುತ್ತವೆ, ತಡವಾದರೆ ಎರಡೂ ಒಟ್ಟಿಗೇ ತಡ ಎಂಬುದು ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ತಿಳಿಯಿತು. ಕಳೆಯಬೇಕಾದದ್ದು ನೋಡುವವರು ತಮ್ಮ ಮನೆಯ ಗಡಿಯಾರಕ್ಕೆ ಹೋಲಿಸುವಾಗ ಮಾತ್ರ. ಡಿಸೆಂಬರ್ 31ರ ರಾತ್ರಿ ಆನೆಗೊಂದಿ ಕಡೆಯ ಒಂದು ಕಾರ್ಯಕ್ರಮದಲ್ಲಿ ಹಾಗೆ ಕಳೆದೆ, ಕರಾರುವಾಕ್ಕಾಗಿ ಕೂತಿತು.

ನಡುವೆ ಕನ್ನಡ ಅಂಕಿಗಳ ಹುಚ್ಚು ಹತ್ತಿತು. ೧೨:೪೭ ಎಂದು ಕಂಡಾಗ ಏನು ಚೆಂದ! ಆದರೆ ಒಂದೊಂದು ಅಂಕಿಯ ಅಗಲ ಒಂದೊಂದು. ಸೆಕೆಂಡಿಗೊಮ್ಮೆ ಇಡೀ ಸಾಲು ಅತ್ತಿತ್ತ ಅಲುಗಾಡುತ್ತಿತ್ತು, ಚಳಿಗೆ ನಡುಗಿದಂತೆ. ಪ್ರತಿ ಅಂಕಿಗೂ ಒಂದೇ ಅಗಲದ ಪ್ರತ್ಯೇಕ ಡಬ್ಬಿ ಮಾಡಿ, ಅದರ ನಡುವೆ ಅಂಕಿ ಕೂರಿಸಿದ ಮೇಲೆ ನಿಂತಿತು. ಘಳಿಗೆ-ವಿಘಳಿಗೆಯ ಟೈಮರನ್ನೂ ಮಾಡಿದೆ. ಘಳಿಗೆಗೆ 24 ನಿಮಿಷ, ವಿಘಳಿಗೆಗೆ 24 ಸೆಕೆಂಡ್. ಒಬ್ಬ ಜೋಯಿಸರು ಮೆಚ್ಚಿದರು, ದುಡ್ಡು ಕೊಡುವ ಗಿರಾಕಿ ಇದುವರೆಗೆ ಒಬ್ಬನೂ ಸಿಕ್ಕಿಲ್ಲ.

ಗವಿಮಠದ ಜಾತ್ರೆಯಲ್ಲಿ ತೇರಿನ ದಿನ ಮೊಬೈಲ್ ಡೇಟಾ ನಂಬಿ ಲೈವ್‌ಗೆ ಕೂತವನು ಕೆಟ್ಟ. ಗೊತ್ತಿದ್ದೂ, ಗೆಳೆಯನ ಮನೆಯ ಮಾಳಿಗೆಯಿಂದ ಪರೀಕ್ಷೆಗೆಂದೇ ಕೂತೆ. ನಾಲ್ಕು ಸಲ ಸಂಪರ್ಕ ಕಡಿಯಿತು. ಮರಳಿದಾಗಲೆಲ್ಲ ತೇರಿಗೆ ಉಳಿದ ನಿಮಿಷ ಸರಿಯಾಗಿಯೇ ಇತ್ತು. ಚಿತ್ರ ಮಾತ್ರ ಚಿಂದಿಚಿಂದಿ.

ಲೆಕ್ಕಕ್ಕೆ ಬರುತ್ತೇನೆ. ಎಲ್ಲ ಸೇರಿ ನಾಲ್ಕೂವರೆ ಸಾವಿರದಷ್ಟು ಕಳೆದುಕೊಂಡೆ. ಅದರಲ್ಲಿ ಯಲಬುರ್ಗಾದವರು ಮುರಿದುಕೊಂಡ ಎರಡು ಸಾವಿರವೂ ಸೇರಿದೆ. ಆರು ಸಾವಿರಕ್ಕೆ ಮಾಡುತ್ತಿದ್ದ ಲೈವ್‌ಗೆ ಈಗ ಏಳೂವರೆ ಕೇಳುತ್ತೇನೆ, ಚೌಕಾಶಿಯಲ್ಲಿ ಏಳಕ್ಕೆ ನಿಲ್ಲುತ್ತದೆ. ಮೊದಲು ಅಕ್ಷತೆಯ ಹೊತ್ತಿಗೆ ಇಪ್ಪತ್ತು-ಮೂವತ್ತು ಜನ ನೋಡುತ್ತಿದ್ದರೆ ಈಗ ನೂರರ ಹತ್ತಿರ.

ಬೀಗರು ತಡಮಾಡಿದಾಗ ಮುಹೂರ್ತವನ್ನು ಒಂದು ಕೀಲಿಯಿಂದ ಐದೈದು ನಿಮಿಷ ಮುಂದೆ ತಳ್ಳುತ್ತೇನೆ. ಪುಟ ರಿಫ್ರೆಶ್ ಆದರೂ ಆ ಐದು ನಿಮಿಷ ಮರೆಯದಂತೆ ಎಲ್ಲಿ ಬರೆದಿಟ್ಟಿದ್ದೇನೆ ಎಂದು ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಇನ್ನೊಂದನ್ನು ಪುಕ್ಕಟೆಯಾಗಿ ಹೇಳುತ್ತೇನೆ: ಸೊನ್ನೆಯವರೆಗೆ ಎಣಿಸಲೇಬೇಡಿ. ಮಂಗಲಾಷ್ಟಕ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಉದ್ದ. ಎರಡು ನಿಮಿಷ ಉಳಿದಾಗ ಅಂಕಿ ಮರೆಯಾಗಿ 'ಅಕ್ಷತೆ ಕೈಯಲ್ಲಿ ಹಿಡಿದುಕೊಳ್ಳಿ' ಎಂದು ಬರುವಂತೆ ಮಾಡಿದ್ದೇನೆ.

ಮೊನ್ನೆ ಕುಷ್ಟಗಿಯಲ್ಲಿ ವಧುವಿನ ತಂದೆ ಟೈಮರನ್ನು ಮಂಟಪದೊಳಗಿನ ಎಲ್‌ಇಡಿ ಪರದೆಗೂ ಹಾಕಿಸಿದರು. ಅಯ್ಯನವರು ಮಂತ್ರ ನಿಲ್ಲಿಸಿ, "ಅದನ್ನು ಮೊದಲು ತೆಗೆಯಪ್ಪಾ, ಉಸಿರು ಕಟ್ಟುತ್ತದೆ" ಎಂದರು. ತೆಗೆದೆ. ಸ್ವಲ್ಪ ಹೊತ್ತಿಗೆ ಅವರ ಕಡೆಯ ಹುಡುಗ ನನ್ನ ಹತ್ತಿರ ಬಂದು, ಲ್ಯಾಪ್‌ಟಾಪನ್ನು ಅಯ್ಯನವರಿಗೆ ಕಾಣುವಂತೆ ಸ್ವಲ್ಪ ತಿರುಗಿಸಬೇಕಂತೆ ಎಂದು ಕಿವಿಯಲ್ಲಿ ಹೇಳಿಹೋದ.