ಬಾಯಿ ಮಾತ್ರ ಅಲ್ಲ, ಬೆರಳೂ ಜೋಪಾನ

ಇಸ್ತಾಂಬುಲಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಇಕಾಮೆತ್, ಅಂದರೆ ವಾಸದ ಪರವಾನಗಿ ಬಗ್ಗೆ. ಆನ್‌ಲೈನಲ್ಲಿ ಅರ್ಜಿ ಹಾಕಿ, ವಿಮೆ, ಬಾಡಿಗೆ ಕರಾರು ಹಿಡಿದುಕೊಂಡು ಹೋಗಿ. ಮುಗೀತು. ಇಲ್ಲಿನ ರಾಜಕೀಯದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನಾನು ಎಡವಿದ್ದೆಲ್ಲ ಅಲ್ಲೇ.

ನಾನು ದಾವಣಗೆರೆಯವನು. ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು "ಈ ಸಲ ಯಾರ್ ಬರ್ತಾರೆ?" ಅಂತ ಕೇಳದಿದ್ದರೆ ತಿಂದದ್ದು ಕರಗುವುದಿಲ್ಲ. ಅದೇ ಚಾಳಿಯಲ್ಲಿ ಇಸ್ತಾಂಬುಲಿನ ಕಾಡಿಕೊಯ್ ಬಡಾವಣೆಯ ಒಂದು ಕಟಿಂಗ್ ಶಾಪಿನಲ್ಲಿ ಕೂತು, ಹರುಕುಮುರುಕು ಟರ್ಕಿಷ್‌ನಲ್ಲಿ "ಎರ್ದೊವಾನ್ ಸೇತುವೆ, ಮೆಟ್ರೊ ಎಲ್ಲ ಭರ್ಜರಿ ಮಾಡಿದ್ದಾರೆ, ಅಲ್ವಾ ಅಬಿ?" ಅಂದೆ. (ಇಲ್ಲಿನ ಅಧ್ಯಕ್ಷರು, ನಮ್ಮ ಪೇಪರಿನ ಎರ್ಡೊಗಾನ್ ಇವರೇ. ಅಬಿ ಅಂದರೆ ಅಣ್ಣ.) ಕತ್ತರಿ ನಿಂತಿತು. ಕಾಡಿಕೊಯ್ ಅಂದರೆ ಅತಾತುರ್ಕ್ ಕಟ್ಟಿದ, ಈಗ ಎರ್ದೊವಾನ್‌ಗೆ ಎದುರಾಳಿಯಾದ ಸಿಎಚ್‌ಪಿ ಪಕ್ಷದ ಕೋಟೆ ಅಂತ ನನಗೇನು ಗೊತ್ತು? ಆವತ್ತು ನನಗೆ ಚಹಾ ಬರಲಿಲ್ಲ. ಕೂದಲೂ ಒಂದು ಕಡೆ ಜಾಸ್ತಿ ಹೋಗಿತ್ತು.

ಬುದ್ಧಿ ಬಂತು ಅಂದುಕೊಂಡು ಇನ್ನೊಂದು ತಪ್ಪು ಮಾಡಿದೆ. ತಲೆಗೆ ಸ್ಕಾರ್ಫ್ ಕಟ್ಟಿದವರು ಎರ್ದೊವಾನರ ಪಕ್ಷ ಎಕೆಪಿ, ರಾಕಿ ಅನ್ನುವ ಇಲ್ಲಿನ ಮದ್ಯ ಕುಡಿಯುವವರು ಸಿಎಚ್‌ಪಿ ಅಂತ ಲೆಕ್ಕ ಹಾಕಿದೆ. ಈ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ಸ್ಕಾರ್ಫ್ ಹಾಕಿದ ಹುಡುಗಿಯರನ್ನು ಯೂನಿವರ್ಸಿಟಿ ಒಳಗೆ ಬಿಡದ ಕಾಲವೊಂದಿತ್ತು. ಸರ್ಕಾರಿ ಕೆಲಸದಲ್ಲಿ ಆ ನಿಷೇಧ ಹೋಗಿದ್ದು 2013ರಲ್ಲಿ, ಎಕೆಪಿ ಕಾಲದಲ್ಲಿ. ಆ ಅವಮಾನ ನೆನಪಿರುವವರು ಈರುಳ್ಳಿ ಬೆಲೆ ಎಷ್ಟೇ ಏರಿದರೂ ಪಕ್ಷ ಬಿಡುವುದು ಕಷ್ಟ. ಆದರೆ ಉಸ್ಕುದಾರ್‌ನ ನಮ್ಮ ಮನೆ ಓನರ್, ಐದು ಹೊತ್ತು ನಮಾಜು ಮಾಡುವ ಅಜ್ಜಿ, 2019ರ ಜೂನಿನಲ್ಲಿ ಸಿಎಚ್‌ಪಿಯ ಇಮಾಮೋಲುಗೆ ವೋಟು ಹಾಕಿದವರು. ಮಾರ್ಚಿನಲ್ಲಿ ಇಮಾಮೋಲು ಸುಮಾರು 13 ಸಾವಿರ ಮತಗಳಿಂದ ಮೇಯರ್ ಆಗಿದ್ದರು. ಚುನಾವಣೆ ರದ್ದಾಯಿತು. ಜೂನಿನ ಮರುಚುನಾವಣೆಯಲ್ಲಿ ಅಂತರ 8 ಲಕ್ಷ! "ಗೆದ್ದವರನ್ನು ಇಳಿಸಿದ್ದು ತಪ್ಪು" ಅಂತ ಅಜ್ಜಿ. 2025ರ ಮಾರ್ಚಿನಲ್ಲಿ ಇಮಾಮೋಲು ಜೈಲಿಗೆ ಹೋದ ದಿನ ಅಜ್ಜಿ ಟಿವಿ ಆರಿಸಿ ಸುಮ್ಮನೆ ಬಟಾಣಿ ಸುಲಿಯುತ್ತ ಕೂತಿದ್ದರು. ಇನ್ನು ರಾಕಿ ಕುಡಿಯುವ ನನ್ನ ಸಹೋದ್ಯೋಗಿ ಎರ್ದೊವಾನ್ ಬಿಟ್ಟು ಬೇರೆ ಯಾರಿಗೂ ಹಾಕಿಲ್ಲ. ತೊಂಬತ್ತರ ದಶಕದಲ್ಲಿ ಅವನಮ್ಮ ನಸುಕಿನಲ್ಲೇ ಆಸ್ಪತ್ರೆ ಕ್ಯೂ ಹಿಡಿಯಬೇಕಿತ್ತಂತೆ, ಅದನ್ನು ತಪ್ಪಿಸಿದ್ದು ಎರ್ದೊವಾನ್ ಅಂತ ಅವನ ನಂಬಿಕೆ.

2023ರ ಎರಡನೇ ಸುತ್ತಿನಲ್ಲಿ ಎರ್ದೊವಾನ್ ಗೆದ್ದದ್ದು 52–48ರಲ್ಲಿ. ಇಲ್ಲಿ ಪಕ್ಷ ಅಂದರೆ ನಮ್ಮಲ್ಲಿ ಜಾತಿ ಇದ್ದ ಹಾಗೆ, ಆ ಪಕ್ಷದವರ ಜೊತೆ ಸಂಬಂಧ ಬೆಳೆಸಲ್ಲ ಅನ್ನುವವರಿದ್ದಾರೆ. ವಾಟ್ಸಾಪಲ್ಲಿ ಅಧ್ಯಕ್ಷರ ಕಾರ್ಟೂನ್ ಬಂದರೆ ಫಾರ್ವರ್ಡ್ ಮಾಡಬೇಡಿ. ದಂಡಸಂಹಿತೆಯ 299ನೇ ಕಲಮು ಅಂತ ಒಂದಿದೆ, ಅಧ್ಯಕ್ಷರನ್ನು ಅವಮಾನಿಸಿದರೆ 1ರಿಂದ 4 ವರ್ಷ ಜೈಲು.

ಇಷ್ಟೆಲ್ಲ ಕಲಿತ ಮೇಲೂ ಮಗಳ ವಿಷಯದಲ್ಲಿ ಎಡವಿದೆ. ಅವಳು ಭರತನಾಟ್ಯ ಕಲಿಯುತ್ತಿದ್ದಾಳೆ, ಆನ್‌ಲೈನ್ ಕ್ಲಾಸು. ಒಂದು ಸಂಜೆ ಫೆರಿಯಲ್ಲಿ ಹಸ್ತಗಳನ್ನು, ಅಂದರೆ ಕೈಮುದ್ರೆಗಳನ್ನು ಹೇಳಿಕೊಳ್ಳುತ್ತ ಸಿಂಹಮುಖ ಹಿಡಿದಳು. ನಡುವಿನ ಎರಡು ಬೆರಳು ಹೆಬ್ಬೆರಳಿಗೆ ತಾಗಿಸಿ, ತೋರುಬೆರಳು ಕಿರುಬೆರಳು ಮೇಲೆ. ಎದುರಿದ್ದ ಮೀಸೆಯ ತಾತ ಹಿಗ್ಗಿ ತಾನೂ ಅದನ್ನೇ ತೋರಿಸಿದ. ಪಕ್ಕದ ಹೆಂಗಸು ಚೀಲ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತಳು. ಅದು ಬೋಜ್‌ಕುರ್ತ್, ಅಂದರೆ ಬೂದು ತೋಳ, ಎಂಎಚ್‌ಪಿ ಅನ್ನುವ ಪಕ್ಷದ ಉಗ್ರ ರಾಷ್ಟ್ರವಾದಿಗಳ ಗುರುತು. ಇಲ್ಲಿನ ಅಲ್ಪಸಂಖ್ಯಾತ ಕುರ್ದರಿಗೆ ಕಂಡರೆ ಆಗದು. 2024ರ ಯೂರೊ ಕಪ್ ಫುಟ್‌ಬಾಲಿನಲ್ಲಿ ಟರ್ಕಿಯ ಆಟಗಾರ ಮೆರಿಹ್ ದೆಮಿರಾಲ್ ಗೋಲು ಹೊಡೆದು ಇದನ್ನೇ ತೋರಿಸಿ ಎರಡು ಪಂದ್ಯ ಹೊರಗೆ ಕೂತ.

ಮಗಳಿಗೆ ಏನಂತ ಹೇಳುವುದು? ಅವಳ ವಯಸ್ಸಿನಲ್ಲಿ ನಾನು ಅಪ್ಪ, ದೊಡ್ಡಪ್ಪ ಎಲೆಕ್ಷನ್ ಬಗ್ಗೆ ಕೂಗಾಡುವುದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಬೆಳಿಗ್ಗೆ ಇಬ್ಬರೂ ಒಂದೇ ಬೈಕಿನಲ್ಲಿ ಹೊಲಕ್ಕೆ ಹೋಗೋರು. ಅದನ್ನು ಅವಳಿಗೆ ತೋರಿಸಲು ಊರಿಗೆ ಕರೆದುಕೊಂಡು ಹೋದರೆ, ನನ್ನ ಕ್ಲಾಸ್‌ಮೇಟುಗಳ ಗ್ರೂಪೇ ಈಗ ಎರಡಾಗಿದೆ.

ಈಗಲೂ ಫೆರಿಯಲ್ಲಿ ಹಸ್ತ ಹೇಳುತ್ತಾಳೆ. ಮೃಗಶೀರ್ಷ ಆದ ಮೇಲೆ ನನ್ನ ಮುಖ ನೋಡಿ, ಒಂದು ಬಿಟ್ಟು ನೇರ ಕಾಂಗೂಲಕ್ಕೆ ಹೋಗುತ್ತಾಳೆ.