ಸಿಂಗಪುರದ ಗೋಡೆ ಮೇಲೆ ದೊಡ್ಡತಾತ

ನಮ್ಮ ತಾತನ ಅಣ್ಣ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಸಿಂಗಪುರದಲ್ಲಿ ತೀರಿಕೊಂಡರು. ಕೋಲಾರದ ಕಡೆಯ ನಮ್ಮ ಮನೆಯಲ್ಲಿ ಉಳಿದಿದ್ದು ಇಷ್ಟು ಮಾತು, ಮತ್ತೆ ದೇವರ ಮನೆಯಲ್ಲಿ ನಕ್ಷತ್ರದ ಆಕಾರದ ಒಂದು ಬಿಲ್ಲೆ. ನನಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಾಗ ಅಪ್ಪ ಹೇಳಿದ್ದು ಒಂದೇ: "ದೊಡ್ಡತಾತನ ಸಮಾಧಿ ಎಲ್ಲಿದೆ ನೋಡಿ, ಒಂದು ಹೂವಿಟ್ಟು ಬಾರಪ್ಪ."

ಒಂದು ಭಾನುವಾರ ತೆಕ್ಕಾ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಂಡು ಸುಮ್ನೆ ಕ್ರಾಂಜಿಯ ಯುದ್ಧ ಸ್ಮಶಾನಕ್ಕೆ ಹೋದೆ. ಏನೂ ಓದಿಕೊಳ್ಳದೆ ಹೋದದ್ದೇ ತಪ್ಪು. ಅಲ್ಲಿ 4,400ಕ್ಕೂ ಜಾಸ್ತಿ ಗೋರಿಗಳಿವೆ. ಕರ್ನಲ್‌ಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. 850ಕ್ಕೂ ಹೆಚ್ಚು ಕಲ್ಲುಗಳಲ್ಲಿ ಹೆಸರೇ ಇಲ್ಲ. ಎರಡು ಗಂಟೆ ಸಾಲು ಸಾಲು ನಡೆದೆ. ಮಲ್ಲಿಗೆ ಬಾಡಿತು, ತಾತ ಸಿಗಲಿಲ್ಲ.

ಸಿಗೋದಾದರೂ ಹೇಗೆ? ಸೈನ್ಯದ ಲೆಕ್ಕದಲ್ಲಿ ಹಿಂದೂ ಅಂದರೆ ಚಿತೆ. ನಮ್ಮ ಮನೆತನದಲ್ಲಿ ಹೂಳೋದೇ ಪದ್ಧತಿ, ಅದನ್ನು ಅಲ್ಲಿ ಯಾರು ಕೇಳಬೇಕು! ಜಪಾನಿನ ಎದುರು ಸೋತ ಗಡಿಬಿಡಿಯಲ್ಲಿ ಎಷ್ಟೋ ಜನರ ಶವವೇ ಸಿಕ್ಕಿರಲಿಲ್ಲ. ಗೋರಿ ಎಲ್ಲಿದೆ ಅಂತ ಗೊತ್ತಿಲ್ಲದವರ ಹೆಸರನ್ನು ಅದೇ ದಿಬ್ಬದ ಮೇಲಿನ ಸ್ಮಾರಕದ ಗೋಡೆಯಂಥ ಕಂಬಗಳ ಮೇಲೆ ಕೆತ್ತಿದ್ದಾರೆ, 24,000ಕ್ಕೂ ಹೆಚ್ಚು ಹೆಸರು. ನಾನು ಅದರ ನೆರಳಲ್ಲೇ ಕೂತು ನೀರು ಕುಡಿದು ವಾಪಸ್ ಬಂದಿದ್ದೆ.

ಆಮೇಲೆ ಸರಿಯಾಗಿ ಶುರು ಮಾಡಿದೆ. ಈ ಗೋರಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ದಾಖಲೆ ಆನ್‌ಲೈನ್‌ನಲ್ಲಿದೆ, ಹುಡುಕೋಕೆ ದುಡ್ಡಿಲ್ಲ. ಕಷ್ಟ ಇರೋದು ಹೆಸರಲ್ಲಿ. ಮುನಿಸ್ವಾಮಿ ಅನ್ನೋದು ಅಂದಿನ ಗುಮಾಸ್ತನ ಕೈಯಲ್ಲಿ ಮುನುಸಾಮಿ, ಮುನ್ನಸ್ವಾಮಿ, ಏನು ಬೇಕಾದರೂ ಆಗಿರುತ್ತೆ. ನಮ್ಮವರ ಒಂಟಿ ಹೆಸರು ಸರ್‌ನೇಮ್ ಜಾಗದಲ್ಲಿ ಕೂತಿರುತ್ತೆ. ಹಾಗಾಗಿ ಮೊದಲ ಮೂರು ಅಕ್ಷರ ಹಾಕಿ, ಭಾರತೀಯ ಸೇನೆ, ರೆಜಿಮೆಂಟ್, ಇಸವಿ ಅಂತ ಸೋಸಿಕೊಂಡು ಬಂದೆ. ಕೊನೆಗೆ ಹೊಂದುವ ಹೆಸರು ಮೂರು ಉಳಿದವು. ಸರ್ವಿಸ್ ನಂಬರ್ ಇಲ್ಲದೆ ಮುಂದೆ ಹೋಗೋ ಹಾಗಿರಲಿಲ್ಲ.

ನಂಬರ್ ದೇವರ ಮನೆಯಲ್ಲೇ ಇತ್ತು. ಆ ಬಿಲ್ಲೆ ಪೆಸಿಫಿಕ್ ಸ್ಟಾರ್. ಭಾರತದ ಸೈನಿಕರಿಗೆ ಕೊಟ್ಟ ಇಂಥ ಪದಕಗಳ ಹಿಂದೆ ನಂಬರ್, ಹೆಸರು, ದಳ ಒತ್ತಿರುತ್ತಿದ್ದರು. ಆದರೆ ಅಮ್ಮ ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅದನ್ನು ಹಿತ್ತಾಳೆ ಚೊಂಬಿನ ಹಾಗೆ ಮಾಡಿಟ್ಟಿದ್ದಳು. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಬರೀ ಹೊಳಪು. ತಂಗಿಗೆ ಹೇಳಿದೆ: ಲೈಟ್ ಆರಿಸು, ಟಾರ್ಚನ್ನು ಬಿಲ್ಲೆಯ ಪಕ್ಕಕ್ಕೆ, ಮೇಜಿಗೆ ತಾಗೋ ಹಾಗೆ ಹಿಡಿ. ಓರೆ ಬೆಳಕಿಗೆ ತಗ್ಗುಗಳಲ್ಲಿ ನೆರಳು ನಿಂತಿತು, ಅಂಕಿಗಳು ಮೆಲ್ಲಗೆ ಎದ್ದು ಬಂದವು. ಒಂದು ಅಂಕಿ ಮಾತ್ರ ಮೂರೋ ಎಂಟೋ ಗೊತ್ತಾಗಲಿಲ್ಲ. ಪರವಾಗಿಲ್ಲ, ಮೂವರಲ್ಲಿ ಒಬ್ಬರಿಗಷ್ಟೇ ಉಳಿದ ಅಂಕಿಗಳು ಹೊಂದಿದವು. ಸತ್ತ ದಿನ 15 ಫೆಬ್ರವರಿ 1942, ಸಿಂಗಪುರ ಜಪಾನಿಗೆ ಶರಣಾದ ದಿನ. ಪಕ್ಕದಲ್ಲೇ ಹೆಸರಿರುವ ಕಂಬದ ನಂಬರೂ ಇತ್ತು.

ಎರಡನೇ ಸಲ ಬೆಳಗ್ಗೆ ಬೇಗ ಹೋದೆ. ಮಧ್ಯಾಹ್ನದ ನೆತ್ತಿ ಬಿಸಿಲಿಗೆ ಕಲ್ಲಿನ ಅಕ್ಷರ ಫೋಟೋದಲ್ಲಿ ಕಾಣೋದಿಲ್ಲ, ಬಿಲ್ಲೆಯ ಕಥೆಯೇ ಅಲ್ವಾ. ಗೋಡೆ ಮೇಲೆ ಮೊದಲು ರೆಜಿಮೆಂಟ್, ಆಮೇಲೆ ದರ್ಜೆ, ಆಮೇಲೆ ಅಕ್ಷರಕ್ರಮ. ಹತ್ತು ನಿಮಿಷದಲ್ಲಿ ಬೆರಳು ತಾತನ ಹೆಸರ ಮೇಲಿತ್ತು. ಒಂದು ಅಕ್ಷರ ತಪ್ಪಾಗಿದೆ. ಅಪ್ಪನಿಗೆ ಫೋನಲ್ಲಿ ತೋರಿಸಿದೆ. "ಅಷ್ಟು ಮೇಲೆ ಬರೆದರೆ ಹೂವೆಲ್ಲಿ ಇಡೋದು?" ಅಂದರು. ಕಂಬದ ಬುಡದಲ್ಲಿಟ್ಟೆ.

ನೀವು ಮೊದಲನೇ ಯುದ್ಧದವರನ್ನು, ಅದರಲ್ಲೂ ಮೆಸೊಪೊಟೇಮಿಯಾಕ್ಕೆ (ಇಂದಿನ ಇರಾಕ್) ಹೋದವರನ್ನು ಹುಡುಕುತ್ತಿದ್ದರೆ ಇನ್ನೂ ಕಷ್ಟ. ಬಸ್ರಾ ಸ್ಮಾರಕದ ಗೋಡೆಯಲ್ಲಿ ಭಾರತದ ಅಧಿಕಾರಿಗಳ ಹೆಸರಿತ್ತು, ಸಾಮಾನ್ಯ ಸಿಪಾಯಿಗಳಿಗೆ ದಳಕ್ಕೆ ಇಷ್ಟು ಜನ ಅಂತ ಲೆಕ್ಕ ಅಷ್ಟೇ. ಇಂಥ ತಾರತಮ್ಯಕ್ಕೆ ಕಮಿಷನ್ 2021ರಲ್ಲಿ ಕ್ಷಮೆ ಕೇಳಿತು. ಅಂಥ ಕಡೆ ಗೋಡೆಯನ್ನು ಬಿಡಿ, ಆನ್‌ಲೈನ್ ದಾಖಲೆಯಿಂದಲೇ ಶುರು ಮಾಡಿ.

ತಾತನ ಹೆಸರಿನ ಆ ತಪ್ಪು ಅಕ್ಷರ ತಿದ್ದಿಸೋಕೆ ಪುರಾವೆ ಬೇಕು. ಬಿಲ್ಲೆಯ ಫೋಟೋ ಇನ್ನೂ ಚೆನ್ನಾಗಿ ತೆಗೆಯಬೇಕು. ಈ ಸಲದ ಆಯುಧಪೂಜೆಗೆ ಅಮ್ಮ ಬರೀ ಒಣಬಟ್ಟೆಯಲ್ಲಿ ಒರೆಸಿದ್ದಾಳೆ.