ಕನ್ನಡಿ ಗುರಾಣಿಯಿಂದ ಬೆಳಕು ತಿರುಗಿಸುವ ಬಗೆ

1998ರಲ್ಲಿ ನಿಂಟೆಂಡೊ ಕಂಪನಿ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಅಕರೀನಾ ಆಫ್ ಟೈಮ್’ ವಿಡಿಯೊ ಆಟದ ಸ್ಪಿರಿಟ್ ಟೆಂಪಲ್ ಎಂಬ ದೇಗುಲದಲ್ಲಿ ಮಿರರ್ ಶೀಲ್ಡ್, ಅಂದರೆ ಕನ್ನಡಿ ಗುರಾಣಿ ದೊರೆಯುತ್ತದೆ. ಅಲ್ಲಿಯವರೆಗೆ ಏಟು ತಡೆಯುವುದಕ್ಕಷ್ಟೇ ಗುರಾಣಿ ಎತ್ತಿ ಅಭ್ಯಾಸವಾದವರು ಇದನ್ನೂ ಹಾಗೆಯೇ ಹಿಡಿದು, ಮುಂದಿನ ಬಾಗಿಲು ತೆರೆಯದೆ ಗಂಟೆಗಟ್ಟಲೆ ಅಲೆಯುತ್ತಾರೆ. ನಾನೂ ಮೊದಲ ಸಲ ಹೀಗೆಯೇ ಅಲೆದಿದ್ದೆ. ಇದನ್ನು ಬಿಲ್ಲಿನಂತೆ ಗುರಿ ಇಡುವ ಸಾಧನವೆಂದು ತಿಳಿದರೆ ದಾರಿ ಸುಲಭವಾಗುತ್ತದೆ.

ಗುರಾಣಿ ಪಡೆಯಲು ದೇಗುಲಕ್ಕೆ ಎರಡು ಸಲ ಹೋಗಬೇಕು. ಮೊದಲು ಆಟದ ನಾಯಕ ಲಿಂಕ್ ಬಾಲಕನಾಗಿರುವಾಗ ಒಳಹೊಕ್ಕು ಐರನ್ ನಕಲ್ ಎಂಬ ಕವಚಧಾರಿಯನ್ನು ಸೋಲಿಸಿ ಸಿಲ್ವರ್ ಗಾಂಟ್ಲೆಟ್ಸ್ ಪಡೆಯಬೇಕು. ಅನಂತರ ದೊಡ್ಡವನಾಗಿ ಮರಳಿ ಬಂದು, ಆ ಕೈಗವಸುಗಳ ಬಲದಿಂದ ಭಾರಿ ಬಂಡೆಯನ್ನು ತಳ್ಳಿ, ಇನ್ನೊಂದು ಬದಿಯಲ್ಲಿ ಮತ್ತೊಬ್ಬ ಕವಚಧಾರಿಯನ್ನು ಎದುರಿಸಬೇಕು. ಅವನ ಕೊಡಲಿಯ ಒಂದೊಂದು ಏಟೂ ಘಾತಕವಾದುದರಿಂದ, ಅವನು ಬೀಸಿ ಮುಗಿಸುವವರೆಗೆ ದೂರವಿದ್ದು, ಆಮೇಲೆ ಹತ್ತಿರ ಸರಿದು ಹೊಡೆಯಿರಿ. ಕವಚ ಕಳಚಿ ಬಿದ್ದ ಮೇಲೆ ಅವನ ನಡೆ ಚುರುಕಾಗುತ್ತದೆಂಬುದನ್ನು ಮರೆಯಬೇಡಿ.

ಇನ್ನು ಬೆಳಕಿನ ಕೆಲಸ. ಚಾವಣಿಯಿಂದ ಇಳಿಯುವ ಬೆಳಕಿನ ಕಂಬದೊಳಗೆ ಪೂರ್ತಿಯಾಗಿ ನಿಂತು, ಬೆಳಗಿಸಬೇಕಾದ ಸೂರ್ಯಮುಖದ ಗುರುತು ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಂಡು, ಅತ್ತ ಮುಖ ಮಾಡಿದ ಬಳಿಕ ಗುರಾಣಿ ಎತ್ತಲು ಕಂಟ್ರೋಲರಿನ ಆರ್ ಗುಂಡಿಯನ್ನು ಒತ್ತಿ ಹಿಡಿದು, ಅದರ ಕಡ್ಡಿಯನ್ನು ಬಹಳ ನಿಧಾನವಾಗಿ ವಾಲಿಸಿರಿ. ಗುರಾಣಿ ಎತ್ತಿದ ಮೇಲೆ ಗುರಿ ಹುಡುಕಲು ಹೊರಟರೆ ಕಿರಣ ಗೋಡೆಯ ಮೇಲೆಲ್ಲ ಓಡಾಡಿ ಕಣ್ಣು ತಪ್ಪಿಸುತ್ತದೆ. ಕೊನೆಗೆ ದೊಡ್ಡ ವಿಗ್ರಹದ ಮುಖಕ್ಕೆ ಬೆಳಕು ಬಿಟ್ಟಾಗ ಅದು ಕುಸಿದು, ಹಿಂದಿನ ದಾರಿ ಕಾಣುತ್ತದೆ.

ಕೈಗೆ ಈ ಹದ ಬಾರದಿದ್ದರೆ ಮನೆಯಲ್ಲಿಯೇ ಒಮ್ಮೆ ಮಾಡಿ ನೋಡಬಹುದು. ಗುಳೇದಗುಡ್ಡದ ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಮಧ್ಯಾಹ್ನ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ನೇರವಾಗಿ ಪಡಸಾಲೆಗೆ ಇಳಿಯುತ್ತದೆ, ಅದರೊಳಗೆ ಧೂಳಿನ ಕಣಗಳು ತೇಲುತ್ತಿರುತ್ತವೆ. ಅಕ್ಕನ ಮಗನಿಗೆ ತೊಳೆದು ಒರೆಸಿದ ಸ್ಟೀಲಿನ ತಾಟು ಕೊಟ್ಟು, ಕತ್ತಲೆಯ ಮೂಲೆಯ ಗೋಡೆಗೂಡಿನಲ್ಲಿರುವ ದೀಪದ ಮೇಲೆ ಬೆಳಕು ಬೀಳಿಸು ಎಂದೆ. ತಾಟನ್ನು ಒಂದು ಬೆರಳಿನಷ್ಟು ವಾಲಿಸಿದರೆ ಗೋಡೆಯ ಮೇಲಿನ ಬೆಳಕು ಒಂದು ಮೊಳ ಸರಿಯುವುದನ್ನು ಕಂಡು ಅವನು ಉಸಿರು ಬಿಗಿಹಿಡಿದು ಮಣಿಕಟ್ಟು ತಿರುಗಿಸತೊಡಗಿದ. ಕನ್ನಡಿ ಎಷ್ಟು ಡಿಗ್ರಿ ತಿರುಗುವುದೋ ಕಿರಣ ಅದರ ಎರಡರಷ್ಟು ತಿರುಗುವುದರಿಂದ ಹೀಗಾಗುತ್ತದೆ. ಬಿಸಿಲನ್ನು ಮಾತ್ರ ಯಾರ ಕಣ್ಣಿಗೂ ಬಿಡಬಾರದು.

ದೇಗುಲದ ಕೊನೆಯಲ್ಲಿ ಕಾದಿರುವವರು ಬೆಂಕಿಯ ಕೌಮೆ ಮತ್ತು ಹಿಮದ ಕೊಟಾಕೆ ಎಂಬ ಇಬ್ಬರು ಮಾಟಗಾತಿಯರು. ಗ್ರೀಕ್ ಪುರಾಣದ ಪರ್ಸಿಯಸ್ ಹೊಳೆಯುವ ಕಂಚಿನ ಗುರಾಣಿಯಲ್ಲಿ ಬಿಂಬ ನೋಡಿಕೊಂಡು ಮೆಡೂಸಾಳ ತಲೆ ಕಡಿದ ಕಥೆ ನನಗೆ ಇಲ್ಲಿ ಪ್ರತಿಸಲವೂ ನೆನಪಾಗುತ್ತದೆ, ಏಕೆಂದರೆ ಶತ್ರುವಿನ ಶಕ್ತಿಯನ್ನು ನೇರವಾಗಿ ಎದುರಿಸಲಾಗದ ಪಾಡು ಎರಡೂ ಕಡೆ ಒಂದೇ. ಕೌಮೆ ಎಸೆದ ಬೆಂಕಿಯನ್ನು ಗುರಾಣಿಗೆ ತಾಗಿಸಿ ಕೊಟಾಕೆಯತ್ತ ತಿರುಗಿಸಿರಿ, ಕೊಟಾಕೆಯ ಹಿಮವನ್ನು ಕೌಮೆಯತ್ತ ಬಿಡಿರಿ. ಬೆಂಕಿಯವಳಿಗೆ ಬೆಂಕಿಯನ್ನೇ ಮರಳಿಸಿದರೆ ಪ್ರಯೋಜನವಿಲ್ಲ.

ಹಲವು ಏಟಿನ ಬಳಿಕ ಇಬ್ಬರೂ ಸೇರಿ ಟ್ವಿನ್‌ರೋವಾ ಆಗುತ್ತಾರೆ, ಆಗ ನಿಯಮ ಬದಲಾಗುತ್ತದೆ. ಈಗ ಗುರಾಣಿ ಪ್ರಹಾರವನ್ನು ತನ್ನೊಳಗೆ ಹೀರಿಕೊಳ್ಳುತ್ತದೆ, ಒಂದೇ ಬಗೆಯ ಮೂರು ಪ್ರಹಾರಗಳು ಸೇರಿದರೆ ತಾನಾಗಿಯೇ ಹೊರಚಿಮ್ಮುತ್ತದೆ. ಆದ್ದರಿಂದ ಮೊದಲು ಬಂದದ್ದು ಬೆಂಕಿಯಾದರೆ, ನಡುವೆ ಬರುವ ಹಿಮಕ್ಕೆ ಗುರಾಣಿ ಒಡ್ಡದೆ ಓಡಿ ತಪ್ಪಿಸಿಕೊಂಡು, ಮತ್ತೆರಡು ಬೆಂಕಿಗಾಗಿ ಕಾಯಬೇಕು. ಮೂರನೆಯದು ಸೇರುವ ಹೊತ್ತಿಗೆ ಅವಳತ್ತಲೇ ಮುಖವಿರಲಿ. ಅವಳು ತತ್ತರಿಸಿ ಕೆಳಗಿಳಿದೊಡನೆ ಗುರಾಣಿ ಇಳಿಸಿ, ಅವಳಿರುವ ಕಟ್ಟೆಗೆ ಹಾರಿ, ಕತ್ತಿ ಬೀಸಿರಿ.